ಮೂರೂವರೆ ಕಾಲು

ನಲವತ್ತು ಸಲ ಎಸೆದ ಚೆಂಡು
ನಲವತ್ತು ಸಲ ತಿರುಗಿ ಬಂತು
ಮರಳು ಮೆತ್ತಿಕೊಂಡು, ಜೊಲ್ಲು ಮೆತ್ತಿಕೊಂಡು.
ನಲವತ್ತೊಂದಕ್ಕೆ ನನ್ನ ಭುಜ ಸಾಕೆಂದಿತು.
ಅವಳು ಸಾಕೆನ್ನಲಿಲ್ಲ.
ಫಾಯಿಷ್ಕ ಎಂದರೆ ನಮ್ಮ ಪೆನೀಶ್ ಬಂದರಿನ ಮಾತಲ್ಲಿ ಕಿಡಿ.

ಮನೆಗೆ ಬಂದು, ಬೋಗುಣಿ ನೀರು ಖಾಲಿ ಮಾಡಿ
ಒಲೆಯ ಮುಂದೆ ಸುರುಳಿಯಾಗಿ ಮಲಗಿದವಳು
ಒಂಬತ್ತಕ್ಕೆ ಎದ್ದಾಗ
ಹಿಂದಿನ ಎಡಗಾಲು ನೆಲ ಮುಟ್ಟಲಿಲ್ಲ.
ಅಡುಗೆಮನೆಯ ನೀಲಿ ಚೌಕದಿಂದ ಬಿಳಿ ಚೌಕಕ್ಕೆ
ಕುಂಟೆಬಿಲ್ಲೆ ಆಡಿದಳು, ಹತ್ತು ಹೆಜ್ಜೆ.
ಆಮೇಲೆ, ಮರೆತದ್ದನ್ನು ಯಾರೋ ನೆನಪಿಸಿದ ಹಾಗೆ
ಕಾಲು ಕೆಳಗಿಳಿಯಿತು.

ಮಂಡಿಯೂರಿ ಕೂತು ಬೆರಳ ಸಂದಿ ಬಿಡಿಸಿದೆ.
ಮುಳ್ಳಿಲ್ಲ, ಚಿಪ್ಪಿನ ಚೂರಿಲ್ಲ, ಗೀರಿಲ್ಲ.
"ಸೋಫಾ ಹತ್ತೋಕೆ ಕುಂಟುನೆಪ,"
ಎಂದಳು ಜಸಿಂತಾ, ಸಾರ್ಡೀನಿಗೆ ಉಪ್ಪು ಸವರುತ್ತ.
ನಿಜದ ಕುಂಟು ಇದ್ದರೂ ಇರಬಹುದಲ್ಲ, ಎಂದೆ.
ಅಷ್ಟರಲ್ಲಿ ಕಿಡಿ ಸೋಫಾ ಹತ್ತಿಯಾಗಿತ್ತು.

ಡಾಕ್ಟರ್ ಇಸೌರಾ ಮುಂದೆ
ನೌಕಾಪಡೆಯ ಸಾಹೇಬನ ಹಾಗೆ ನಡೆದಳು,
ನಾಲ್ಕೂ ಕಾಲು ತಾಳ ತಪ್ಪದೆ.
"ಯಾವ ಕಾಲು?"
ಎಡ, ಎಂದೆ. ಹಿಂದಿನದು. ಆಟವಾಡಿ, ಮಲಗಿ ಎದ್ದ ಮೇಲೆ.
ಮತ್ತೊಮ್ಮೆ ನಡೆಸಿದರು, ಅಂಗಳದಲ್ಲಿ ಓಡಿಸಿದರು.
ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು
ಹಟ ಹಿಡಿದು ನಿಂತವನಾದೆ ನಾನು,
ಮೊಲ ನಾಲ್ಕು ಕಾಲಲ್ಲಿ ಬಾಲ ಅಲ್ಲಾಡಿಸುತ್ತಿತ್ತು.

"ಕುಂಟಿದಾಗೆಲ್ಲ ಬರೆದಿಡಿ," ಎಂದರು.
ಮನೆಯಲ್ಲಿ ಕಾಗದವೆಂದರೆ ಉಬ್ಬರವಿಳಿತದ ಪಟ್ಟಿ ಒಂದೇ.
ಅದರ ಅಂಚಲ್ಲೇ ಬರೆದೆ:
ಮಂಗಳವಾರ ಹನ್ನೆರಡು ಹೆಜ್ಜೆ. ಬುಧವಾರ ಇಲ್ಲ.
ಗುರುವಾರ ತೋಮೆ ಬಂದು ಒಂದು ಗಂಟೆ ಚೆಂಡಾಡಿಸಿದ, ರಾತ್ರಿ ಮೂವತ್ತು.
ಶುಕ್ರವಾರ ಇಲ್ಲ. ಶನಿವಾರ ಇಲ್ಲ.
ಸಮುದ್ರವಾದರೂ ಹೇಳಿ ಬರುತ್ತದೆ, ಹೇಳಿ ಹೋಗುತ್ತದೆ.

ಬೆಲ್ಮಿರುವಿನ ದೋಣಿಯಲ್ಲಿದ್ದಾಗ
ಹಗ್ಗದ ರಾಟೆ ನನ್ನ ಭುಜವನ್ನು ಒಮ್ಮೆ ತಿರುಚಿತ್ತು.
ಬಲೆ ಎಳೆಯುವಾಗ ನೋವೆಂಬುದೇ ಇಲ್ಲ.
ಮನೆಯಲ್ಲಿ ಚಮಚ ಎತ್ತಲಾಗದೆ
ಬಾಗಿಲ ಹಿಂದೆ ನಿಂತು ಒಂದೇ ಕೈಯಲ್ಲಿ ಗುಂಡಿ ಹಾಕಿಕೊಂಡೆ
ಎರಡು ಚಳಿಗಾಲ.
ಗೊತ್ತಾದರೆ ದಡಕ್ಕೆ ಹಾಕುತ್ತಾನೆ.
ಜಸಿಂತಾಗೂ ಹೇಳಿರಲಿಲ್ಲ. (ಅವಳಿಗೆ ಗೊತ್ತಿತ್ತು.)
ಹಾಗಾಗಿ ಈ ಹೆಣ್ಣಿನ ಕಳ್ಳಾಟ ನನಗೆ ಹೊಸತಲ್ಲ.
ಅವಳು ನನ್ನಿಂದ ಮುಚ್ಚಿಡುತ್ತಿಲ್ಲ,
ಚೆಂಡಿನಿಂದ ಮುಚ್ಚಿಡುತ್ತಿದ್ದಾಳೆ.

ಮೂರನೆಯ ಸಲ ಹೋದಾಗ ಪಟ್ಟಿ ಒಯ್ದೆ.
ಡಾಕ್ಟರ್ ಅದನ್ನು ಕನ್ನಡಕ ತೆಗೆದು ಓದಿದರು,
ಮಂಡಿಯ ಚಿಪ್ಪಿನ ಕೆಳಗೆ ಹೆಬ್ಬೆರಳಿಟ್ಟು ಒತ್ತಿದರು.
ಅವಳು ಕುಂಯ್ ಎನ್ನಲಿಲ್ಲ, ಕಾಲೆಳೆದುಕೊಳ್ಳಲಿಲ್ಲ.
ಕತ್ತು ತಿರುಗಿಸಿ
ಡಾಕ್ಟರ ಮಣಿಕಟ್ಟನ್ನು ಮೆಲ್ಲಗೆ ನೆಕ್ಕಿದಳು, ಅಷ್ಟೇ.
"ಇಲ್ಲಿ," ಎಂದರು ಇಸೌರಾ.

ಒಳಗಿನ ಕಟ್ಟು ಪೂರ್ತಿ ಹರಿದಿಲ್ಲವಂತೆ,
ಎಳೆ ಬಿಟ್ಟಿದೆಯಂತೆ.
ಎಳೆ ಬಿಟ್ಟ ಹಗ್ಗ ನನಗೆ ಗೊತ್ತು.
ಸುಮ್ಮನೆ ತೂಗಿದ್ದಾಗ ಹೊಸದೇ ಅನ್ನಿಸುತ್ತದೆ.
ಎಂಟು ವಾರ ಚೆಂಡಿಲ್ಲ, ಮೆಟ್ಟಿಲಿಲ್ಲ, ಗಿಡ್ಡ ಹಗ್ಗ.
ಆಮೇಲೆ ನೋಡೋಣ, ಕತ್ತರಿ ಬೇಕೋ ಬೇಡವೋ.

ಚೆಂಡು ಈಗ ಕಪಾಟಿನ ಮೇಲೆ ಮೀನಿನ ಹಂಡೆಯೊಳಗೆ.
ಅವಳಿಗೆ ಗೊತ್ತು.
ಹಂಡೆಯ ಕೆಳಗೆ ಕೂತು ಇಗರ್ಜಿಗೆ ಬಂದವಳಂತೆ ಮೇಲೆ ನೋಡುತ್ತಾಳೆ.
ಸಂಜೆ ತೋಮೆ ಬಾಗಿಲು ಬಡಿದು, "ಬರ್ತಾಳಾ?"
ಇಲ್ಲ ಕಣೋ, ಎನ್ನುವುದು ನಾನು.
ಇಬ್ಬರೂ ನನ್ನನ್ನೇ ನೋಡುತ್ತಾರೆ,
ಬೆಲ್ಮಿರುವನ್ನು ನೋಡುವಂತೆ.

ಇವತ್ತಿಗೆ ಮೂರನೆಯ ವಾರ.
ಮನೆಯಿಂದ ಕೋಟೆಗೋಡೆಯವರೆಗೆ, ಅಲ್ಲಿಂದ ವಾಪಸ್ಸು,
ಇನ್ನೂರು ಹೆಜ್ಜೆ, ಎಣಿಸಿದ್ದೇನೆ.
ಗಾಳಿಗೆ ಅವಳ ಕಿವಿ ಮಗುಚಿ ಬಿದ್ದಿತ್ತು.
ನೂರ ಅರವತ್ತರಲ್ಲಿ ಒಂದು ಸಣ್ಣ ನೆಗೆತ.
ಕುಂಟಿತೋ? ಕಲ್ಲು ಎಡವಿತೋ?

ಪಟ್ಟಿಯ ಅಂಚಲ್ಲಿ
ಇಳಿತ ಆರೂ ಇಪ್ಪತ್ತು ಎಂಬುದರ ಪಕ್ಕ
ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ
ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡೆ,
ಎಡಗೈಯಲ್ಲಿ.